ಪತ್ತನಾಜೆಗೆ ಮೊದಲು ಹಪ್ಪಳ ಒಣಗಬೇಕು

2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಅಂಗಳದಲ್ಲಿ ಹನ್ನೊಂದು ಚಾಪೆ ಹಲಸಿನ ಹಪ್ಪಳ ಇತ್ತು. ಒಂದೇ ಬಿಸಿಲು ಕಂಡಿದ್ದ ಹಪ್ಪಳ. ಟೀವಿಯಲ್ಲಿ ಎಚ್ಚರಿಕೆ ಕೊಡುತ್ತಲೇ ಇದ್ದರು, ಆದರೆ ಅಷ್ಟು ಹಸಿ ಹಪ್ಪಳವನ್ನು ಒಳಗೆ ತಂದು ಹರಡುವುದು ಎಲ್ಲಿ? ಚಾವಡಿ, ಮಂಚ, ಅಟ್ಟ ಎಲ್ಲ ಕಡೆ ಹಾಕಿದೆವು. ಮೂರನೇ ದಿನಕ್ಕೆ ಬೂಸ್ಟು ಬಂತು. ಸಾವಿರದ ನಾನೂರು ಹಪ್ಪಳ ಗೊಬ್ಬರದ ಗುಂಡಿಗೆ ಹೋಯಿತು. ಜೊತೆಗೆ ದುಡಿದ ನಾಲ್ಕು ಹೆಂಗಸರ ಕೂಲಿ ಕೊಡಲು ನಾನು ಬಳೆ ಅಡವಿಟ್ಟೆ.

ಹಿರಿಯಡ್ಕದ ಹತ್ತಿರ ನಮ್ಮ ಮನೆ. ಅತ್ತೆಯ ಕಾಲದಿಂದಲೂ ಇದೇ ಕೆಲಸ. "ಪತ್ತನಾಜೆಗೆ ಮೊದಲು ಡಬ್ಬಿಗೆ ತುಂಬಿದರಾಯಿತು" ಎನ್ನುವುದು ಅವರ ಲೆಕ್ಕ. ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಅಲ್ಲಿಯವರೆಗೆ ಎಡೆಯಲ್ಲಿ ಒಂದೆರಡು ಗುಡುಗು ಮಳೆ ಬಂದರೂ ಮರುದಿನ ಚುರುಕು ಬಿಸಿಲು ಇರುತ್ತಿತ್ತು. ಈಗ ಅರಬ್ಬೀ ಸಮುದ್ರವೇ ಕಾದಿದೆ, ಅಲ್ಲಿ ಏಳುವ ಚಂಡಮಾರುತಗಳ ಬಲವೂ ಹೆಚ್ಚಿದೆ. 2025ರಲ್ಲಂತೂ ಜೂನ್ 1ಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ನಮ್ಮಲ್ಲಿ ಅದಕ್ಕೂ ಮೊದಲೇ ಮಳೆ ಹಿಡಿದಿತ್ತು.

ತೌಕ್ತೆಯ ಮರುವರ್ಷ ಸಾಲ ಮಾಡಿ ಸೋಲಾರ್ ಡ್ರೈಯರ್ ಹಾಕಿಸಿದೆ. ಕಬ್ಬಿಣದ ಕಮಾನಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಒಳಗೆ ಬಲೆಯ ತಟ್ಟೆಗಳು. ಹಾಕಿಕೊಟ್ಟವರು ಗಾಳಿಯ ವಿಷಯ ಹೇಳಲೇ ಇಲ್ಲ. ನಮ್ಮ ಕರಾವಳಿಯ ಗಾಳಿಯಲ್ಲೇ ನೀರಿದೆ. ಹಪ್ಪಳದಿಂದ ಎದ್ದ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ, ರಾತ್ರಿ ಹಾಳೆಯಡಿಯಲ್ಲಿ ಹನಿಗಟ್ಟಿ ಮತ್ತೆ ಹಪ್ಪಳದ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನ ಇದರ ವಿರುದ್ಧ: ಒಳಗೆ 60 ಡಿಗ್ರಿ ದಾಟಿ ಅಂಚು ಮುದುಡಿ, ಮೇಲ್ಪದರ ಗಟ್ಟಿಯಾಗಿ, ನಡುವೆ ಮಾತ್ರ ಹಸಿ ಉಳಿಯುತ್ತಿತ್ತು. ಅಂಥ ಹಪ್ಪಳ ನೋಡಲು ಒಣಗಿದ ಹಾಗೇ ಇರುತ್ತದೆ, ತಿಂಗಳೊಳಗೆ ಡಬ್ಬಿಯಲ್ಲೇ ಕೆಡುತ್ತದೆ. ಮೇಲೆ ಎರಡು ಫ್ಯಾನು, ಕೆಳಗೆ ಗಾಳಿ ಬರಲು ಕಿಂಡಿ ಇಡಿಸಿದ ಮೇಲೆಯೇ ಹದಕ್ಕೆ ಬಂತು. ಈಗ 50 ಡಿಗ್ರಿ ಆದ ಕೂಡಲೇ ಕಿಂಡಿಗಳನ್ನು ಪೂರ್ತಿ ತೆರೆಯುತ್ತೇನೆ.

ಆದರೆ ಮೋಡ ಕವಿದ ದಿನ ಅದೂ ಬರೀ ಕೋಣೆ. ನನ್ನ ಭಾವನ ಮಗ ಕಾಶ್ಮೀರದ ಗುಲ್ಮಾರ್ಗಿನ ಹೋಟೆಲೊಂದರಲ್ಲಿ ಅಡುಗೆಗೆ ಇದ್ದಾನೆ. 2024ರ ಜನವರಿಯಲ್ಲಿ ಫೋನು ಮಾಡಿ, "ಚಿಕ್ಕಮ್ಮ, ಇಲ್ಲಿ ಹಿಮವೇ ಬಿದ್ದಿಲ್ಲ, ಸ್ಕೀ ಮಾಡುವವರೆಲ್ಲ ಬುಕಿಂಗ್ ಬಿಡುತ್ತಿದ್ದಾರೆ" ಎಂದ. ಯುರೋಪಿನಲ್ಲಿ ನೀರು ಚಿಮ್ಮಿಸಿ ಹಿಮ ಮಾಡುವ ಯಂತ್ರ ಇದೆಯಂತಲ್ಲ ಎಂದು ಕೇಳಿದೆ. "ಅದಕ್ಕೂ ಸೊನ್ನೆಗಿಂತ ಕೆಳಗಿನ ಚಳಿ ಬೇಕು. ಚಳಿಯೇ ಇಲ್ಲದಿದ್ದರೆ ನೀರು ನೀರಾಗಿಯೇ ಬೀಳುತ್ತದೆ" ಎಂದ. ಯುರೋಪಿನಲ್ಲಿ ಎಷ್ಟೋ ಕಡೆ ಬೇಸಿಗೆಯಲ್ಲಿ ಸೈಕಲ್, ಚಾರಣ ಎಂದು ಬೇರೆ ಸಂಪಾದನೆ ಹುಡುಕಿಕೊಂಡಿದ್ದಾರೆ ಎಂದೂ ಹೇಳಿದ. ಆ ಮಾತು ರಾತ್ರಿಯಿಡೀ ತಲೆಯಲ್ಲಿ ಸುತ್ತಿತು. ಬಿಸಿಲೇ ಬೇಡದ್ದು ನನ್ನ ಹತ್ತಿರ ಏನಿದೆ?

ಉತ್ತರ ಅತ್ತೆಯ ಉಗ್ರಾಣದಲ್ಲೇ ಇತ್ತು: ಉಪ್ಪು ಸೊಳೆ. ಬಲಿತ ಹಲಸಿನಕಾಯಿಯ ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಹಾಕಿ ಮೇಲೆ ಭಾರ ಇಟ್ಟರೆ, ತನ್ನ ನೀರಿನಲ್ಲಿ ತಾನೇ ಮುಳುಗಿ ವರ್ಷ ಉಳಿಯುತ್ತದೆ. ಸೊಳೆ ಮೇಲೆ ತೇಲಬಾರದು, ಕೈ ಒದ್ದೆ ಇರಬಾರದು, ಅಷ್ಟೇ. ಈಗ ಮೇ 10ರ ನಂತರ ಕೊಯ್ದ ಕಾಯಿಯೆಲ್ಲ ಭರಣಿಗೇ. ಮಳೆ ಬಿದ್ದ ಮೇಲೆ ಹಲಸು ನೀರು ಕುಡಿಯುತ್ತದೆ, ಅದರ ಹಪ್ಪಳ ಹೇಗೂ ಗರಿಯಾಗದು. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪಲ್ಯಕ್ಕೆ, ರೊಟ್ಟಿಗೆ ಮಂಗಳೂರಿನ ಮನೆಗಳಿಂದ ಕೇಳಿಕೊಂಡು ಬರುತ್ತಾರೆ. ಹಪ್ಪಳದಷ್ಟು ಲಾಭವಿಲ್ಲ, ಆದರೆ ಕೆಲಸದವರಿಗೆ ಜೂನ್‌ವರೆಗೂ ಕೂಲಿ ಸಿಗುತ್ತದೆ. ನನಗೆ ಅದು ದೊಡ್ಡದು.

ನಡುವೆ ಮಳೆ ಹಿಡಿದರೆಂದು ತೆಂಗಿನ ಗೆರಟೆ ಉರಿಸುವ ಡ್ರೈಯರ್ ಕೂಡ ಇಟ್ಟಿದ್ದೇನೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕೊಬ್ಬರಿಗೆಂದು ರೂಪಿಸಿದ ಮಾದರಿ. ಹೊಗೆ ತಾಗದ ಕಾರಣ ಹಪ್ಪಳಕ್ಕೂ ಆಗುತ್ತದೆ. ಅರ್ಧ ಒಣಗಿದ್ದನ್ನು ಉಳಿಸಿಕೊಳ್ಳಲು ಮಾತ್ರ ಹಚ್ಚುತ್ತೇನೆ.

ಇನ್ನೊಂದು ಕೆಲಸ ಹಿಂದೆಯೇ ಮಾಡಬೇಕಿತ್ತು. ಊರಿನ ಯಾವ ಬಕ್ಕೆ (ಗಟ್ಟಿ ಸೊಳೆಯ) ಹಲಸಿನ ಮರ ಬೇಗ ಕಾಯಿ ಬಲಿಸುತ್ತದೆ ಎಂದು ಎರಡು ವರ್ಷ ಸುತ್ತಿ ನೋಡಿದೆ. ಅಂಥ ಒಂಬತ್ತು ಮರಗಳಿಗೆ ಸುಣ್ಣದ ಗುರುತು ಹಾಕಿ, ಕಾಯಿಗೆ ಮೊದಲೇ ಮುಂಗಡ ಕೊಡುತ್ತೇನೆ. ಮಾರ್ಚ್ ಕೊನೆಗೇ ಒರಳಿನ ಸದ್ದು ಶುರುವಾಗುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಕಾಯಿ ಕೊಡುವ ಮರದಿಂದ ಕಸಿ ಕಟ್ಟಿಸಿ ನಾಲ್ಕು ಗಿಡ ನೆಟ್ಟೆ. ಮೂರು ಚಿಗುರಿವೆ. ಅತ್ತೆ ದಿನಾ ಸಂಜೆ ಹೋಗಿ ಅವಕ್ಕೆ ಒಂದೊಂದು ಕೊಡ ನೀರು ಹಾಕುತ್ತಾರೆ.