ನಾಜಿಯಾ ಹಸನ್ ಕುರಿತು ಕಾಲೇಜಿನಲ್ಲಿ ಉಪನ್ಯಾಸ ಕೊಡುವವರಿಗೆ

ಚಿಕ್ಕಬಳ್ಳಾಪುರದ ಪಿಯು ವಿದ್ಯಾರ್ಥಿಗಳ ಮುಂದೆ ಪಾಕಿಸ್ತಾನದ ಪಾಪ್ ಗಾಯಕಿ ನಾಜಿಯಾ ಹಸನ್ ಅವರ ಬದುಕನ್ನು ಕುರಿತು ಅರ್ಧ ಗಂಟೆ ಮಾತನಾಡಲು ಒಪ್ಪಿಕೊಂಡವರು, ಮೊದಲು ಒಂದು ಹಾಳೆಯನ್ನು ಉದ್ದಕ್ಕೆ ಮಡಿಸಿ, ಎಡಗಡೆ ಇಸವಿಯನ್ನೂ ಬಲಗಡೆ ಆಗ ಆಕೆಗಿದ್ದ ವಯಸ್ಸನ್ನೂ ಬರೆದುಕೊಳ್ಳಬೇಕು. 1965ರ ಏಪ್ರಿಲ್ 3ರಂದು ಕರಾಚಿಯಲ್ಲಿ ಹುಟ್ಟಿದ ಆಕೆ, 1980ರಲ್ಲಿ ತೆರೆಕಂಡ ‘ಕುರ್ಬಾನಿ’ ಹಿಂದಿ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡಿನಿಂದ ಮನೆಮಾತಾದದ್ದೂ, ಅದಕ್ಕಾಗಿ 1981ರಲ್ಲಿ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದದ್ದೂ 15ನೆಯ ವಯಸ್ಸಿನಲ್ಲಿ. ಕಳೆದ ಬಾರಿ ನಾನು ಈ ಲೆಕ್ಕ ಹೇಳಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಅಂಚಿನಲ್ಲಿ 15 ಎಂದು ಬರೆದು ಅದರ ಸುತ್ತ ಎರಡು ಸಲ ಗೆರೆ ಎಳೆದಳು. ಅಲ್ಲಿಂದ ಮುಂದೆ ಆ ಹುಡುಗಿ ತಲೆ ತಗ್ಗಿಸಲೇ ಇಲ್ಲ.

ಹಾಡನ್ನು ಪೂರ್ತಿ ಕೇಳಿಸಿರಿ. ಸಾಹಿತ್ಯದ ಅರ್ಥವನ್ನು ನೀವೇ ಹೇಳುವುದಕ್ಕಿಂತ, ಮನೆಯಲ್ಲಿ ಉರ್ದು ಆಡುವ ವಿದ್ಯಾರ್ಥಿಗಳಿಂದ ಹೇಳಿಸುವುದು ಲೇಸು. ನಮ್ಮ ಜಿಲ್ಲೆಯ ತರಗತಿಗಳಲ್ಲಿ ಅಂಥವರು ಸಿಕ್ಕೇ ಸಿಗುತ್ತಾರೆ. ಆ ಚಿತ್ರದ ಉಳಿದ ಹಾಡುಗಳಿಗೆ ಕಲ್ಯಾಣ್‌ಜಿ–ಆನಂದ್‌ಜಿ ಸಂಗೀತ ನೀಡಿದ್ದರೆ, ಇದೊಂದಕ್ಕೆ ರಾಗ ಹಾಕಿದವರು ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಸಂಗೀತ ನಿರ್ದೇಶಕ ‘ಬಿದ್ದು’ ಎಂಬುದನ್ನು ಮರೆಯದೆ ತಿಳಿಸಿರಿ. ಮರುವರ್ಷ ನಾಜಿಯಾ ತಮ್ಮ ಸಹೋದರ ಜೋಹೇಬ್ ಜೊತೆ ಹಾಡಿದ ‘ಡಿಸ್ಕೋ ದೀವಾನೆ’ ಆಲ್ಬಂಗೂ ಬಿದ್ದು ಅವರದೇ ಸಂಗೀತ. ನಂತರದ ಆಲ್ಬಂಗಳ ಹೆಸರನ್ನಷ್ಟೇ ಹೇಳಿ ಮುಂದೆ ಸಾಗಬಹುದು.

ಉಪನ್ಯಾಸದ ಹೆಚ್ಚಿನ ಹೊತ್ತನ್ನು ಕೊಡಬೇಕಾದದ್ದು ಆಕೆಯ ಸಮಾಜಸೇವೆಗೆ. ಹಾಡುಗಾರಿಕೆ ಒಂದು ಕಂತು, ಸೇವೆ ಇನ್ನೊಂದು ಕಂತು ಎಂದು ಬೇರ್ಪಡಿಸಿ ಹೇಳಿದರೆ ಆಕೆಯ ಬದುಕು ಅರ್ಥವಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. 1992ರಲ್ಲಿ ಬಂದ ‘ಕ್ಯಾಮೆರಾ ಕ್ಯಾಮೆರಾ’ ಆಲ್ಬಂ ಮಾದಕ ವಸ್ತುಗಳ ವಿರುದ್ಧದ ಜಾಗೃತಿಯ ಭಾಗವಾಗಿತ್ತು; ಲಕ್ಷಾಂತರ ಮನೆಗಳಿಗೆ ಕ್ಯಾಸೆಟ್‌ಗಳ ಮೂಲಕ ತಲುಪಿದ್ದ ಅದೇ ಕಂಠ, 27ನೆಯ ವಯಸ್ಸಿನಲ್ಲಿ ಯುವಜನರನ್ನು ಚಟದಿಂದ ದೂರವಿಡುವ ಕೆಲಸಕ್ಕೆ ನಿಂತಿತ್ತು. ಕರಾಚಿಯ ಬಡ ಮಕ್ಕಳಿಗಾಗಿ ದುಡಿದದ್ದು, ಲಂಡನ್ನಿನಲ್ಲಿ ಕಾನೂನು ಓದಿದ್ದು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದ್ದು, ಈ ಮೂರನ್ನೂ ಇದರ ಜೊತೆಗೇ ಹೇಳಿರಿ. ಮದುವೆ, ವಿಚ್ಛೇದನಗಳಿಗೆ ಒಂದು ವಾಕ್ಯ ಸಾಕು; ಅದನ್ನು ಬೆಳೆಸುವುದು ಆಕೆಗೆ ಮಾಡುವ ಅನ್ಯಾಯ.

2000ದ ಆಗಸ್ಟ್ 13ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಆಕೆ ಲಂಡನ್ನಿನಲ್ಲಿ ತೀರಿಕೊಂಡರು. ಇದನ್ನು ಹೇಳುವಾಗ ದನಿ ನಡುಗಿಸುವ ಅಗತ್ಯವಿಲ್ಲ. ಹಾಳೆಯ ಬಲಗಡೆಯ ಕೊನೆಯ ಅಂಕಿ 35. ಅದನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ರಶ್ನೆಗಳಿಗೆ ಹತ್ತು ನಿಮಿಷ ಬಿಟ್ಟುಕೊಡಿರಿ.