ಸೈಬರ್‌ಪಂಕ್ 2077: ಮಧ್ಯಮ ದರ್ಜೆಯ ಕಂಪ್ಯೂಟರಿಗೆ ನಾನು ಗ್ರಾಫಿಕ್ಸ್ ಹೊಂದಿಸಿಕೊಂಡ ಬಗೆ

ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಸಂಸ್ಥೆ 2020ರ ಡಿಸೆಂಬರಿನಲ್ಲಿ ಹೊರತಂದ ಸೈಬರ್‌ಪಂಕ್ 2077 ಇಂದಿಗೂ ಗ್ರಾಫಿಕ್ಸ್ ಕಾರ್ಡುಗಳ ಬೆವರಿಳಿಸುವ ಆಟ. ವರ್ಷಗಳು ಕಳೆದಂತೆ ಆಟಗಳು ಹಗುರವಾಗುತ್ತವೆ ಎಂಬ ಸಾಮಾನ್ಯ ನಿರೀಕ್ಷೆ ಇದರ ಮಟ್ಟಿಗೆ ಸುಳ್ಳಾಗಿದೆ. 2023ರ ಸೆಪ್ಟೆಂಬರಿನಲ್ಲಿ 2.0 ಅಪ್‌ಡೇಟ್ ಮತ್ತು ಅದರ ಬೆನ್ನಿಗೇ ಫ್ಯಾಂಟಮ್ ಲಿಬರ್ಟಿ ವಿಸ್ತರಣೆ ಬಂದ ಹೊತ್ತಿಗೆ ಕನಿಷ್ಠ ಅಗತ್ಯಗಳ ಪಟ್ಟಿಯನ್ನೇ ಸಂಸ್ಥೆ ಪರಿಷ್ಕರಿಸಿತು. ಹಳೆಯ ಹಾರ್ಡ್ ಡಿಸ್ಕಿಗೆ ಅದರಲ್ಲಿ ಜಾಗವೇ ಉಳಿಯಲಿಲ್ಲ, ಎಸ್‌ಎಸ್‌ಡಿ ಕಡ್ಡಾಯವಾಯಿತು. ಈ ಆಟವನ್ನು ನಾನು ಆಡುವುದು 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಕಾರ್ಡ್, ಆರು ಕೋರ್‌ಗಳ ರೈಜೆನ್ 5 3600 ಪ್ರೊಸೆಸರ್, 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ, 2560×1440 ರೆಸಲ್ಯೂಷನ್ನಿನ ಮಾನಿಟರ್ ಮೇಲೆ. ಇದು ಕಳಪೆ ಯಂತ್ರವಲ್ಲ, ಆದರೆ ಎಲ್ಲವನ್ನೂ ಅಲ್ಟ್ರಾಕ್ಕೆ ಏರಿಸಿ ನೆಮ್ಮದಿಯಿಂದ ಆಡುವಂಥದ್ದೂ ಅಲ್ಲ. ಆಯ್ಕೆ ಮಾಡುವ ಕೆಲಸ ಹುಟ್ಟುವುದೇ ಇಂಥ ಯಂತ್ರಗಳಲ್ಲಿ.

ಆಟದಲ್ಲೇ ಲೋ, ಮೀಡಿಯಂ, ಹೈ, ಅಲ್ಟ್ರಾ ಎಂಬ ಸಿದ್ಧ ಪ್ರೀಸೆಟ್‌ಗಳಿವೆ. ಅವುಗಳ ತೊಂದರೆಯೆಂದರೆ, ಕಣ್ಣಿಗೆ ಎದ್ದು ಕಾಣುವ ಸೆಟ್ಟಿಂಗನ್ನೂ ಯಾರಿಗೂ ಕಾಣದ ಸೆಟ್ಟಿಂಗನ್ನೂ ಅವು ಒಟ್ಟಿಗೇ ಏರಿಸುತ್ತವೆ, ಒಟ್ಟಿಗೇ ಇಳಿಸುತ್ತವೆ. ಹಾಗಾಗಿ ನಾನು ಪ್ರೀಸೆಟ್‌ನಿಂದ ಆರಂಭಿಸದೆ ಸಮಯದ ಲೆಕ್ಕದಿಂದ ಆರಂಭಿಸಿದೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬೇಕೆಂದರೆ ಪ್ರತಿ ಫ್ರೇಮನ್ನು 16.7 ಮಿಲಿಸೆಕೆಂಡಿನೊಳಗೆ ಚಿತ್ರಿಸಿ ಮುಗಿಸಬೇಕು. ಆ 16.7 ಮಿಲಿಸೆಕೆಂಡೇ ನನ್ನ ಹಾಸಿಗೆ. ಕಾಲು ಚಾಚುವುದೇನಿದ್ದರೂ ಅದರೊಳಗೆ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) ಬದಲು ಮಿಲಿಸೆಕೆಂಡಿನಲ್ಲಿ ಎಣಿಸುವುದಕ್ಕೆ ಕಾರಣವಿದೆ. 30ರಿಂದ 35 ಎಫ್‌ಪಿಎಸ್‌ಗೆ ಏರಿದಾಗ ಪ್ರತಿ ಫ್ರೇಮಿಗೆ ಹತ್ತಿರ ಹತ್ತಿರ 5 ಮಿಲಿಸೆಕೆಂಡು ಉಳಿದಿರುತ್ತದೆ, 100ರಿಂದ 105ಕ್ಕೆ ಏರಿದಾಗ ಉಳಿಯುವುದು ಅರ್ಧ ಮಿಲಿಸೆಕೆಂಡಿಗಿಂತಲೂ ಕಡಿಮೆ. ಎರಡನ್ನೂ ‘ಐದು ಎಫ್‌ಪಿಎಸ್ ಲಾಭ’ ಎಂದು ಕರೆದರೆ ಯಾವ ಸೆಟ್ಟಿಂಗ್ ಎಷ್ಟು ತಿನ್ನುತ್ತಿದೆ ಎಂಬುದು ಗೊತ್ತಾಗುವುದೇ ಇಲ್ಲ.

ಅಳೆಯಲು ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಎಂಬ ತಂತ್ರಾಂಶಗಳು ಸಾಕು, ಎರಡೂ ಉಚಿತ. ಪರದೆಯ ಮೂಲೆಯಲ್ಲಿ ಫ್ರೇಮ್ ಸಮಯದ ಗ್ರಾಫ್, ಕಾರ್ಡಿನ ಬಳಕೆಯ ಶೇಕಡಾವಾರು, ಕಾರ್ಡಿನ ಮೆಮೊರಿ ಮತ್ತು ಉಷ್ಣತೆ ಈ ನಾಲ್ಕನ್ನು ಮಾತ್ರ ಇಟ್ಟುಕೊಂಡೆ. ಆಟದೊಳಗಿನ ಬೆಂಚ್‌ಮಾರ್ಕ್ ಎಂಬ ಸಿದ್ಧ ವೇಗಪರೀಕ್ಷೆ ಪ್ರತಿ ಸಲವೂ ಒಂದೇ ದಾರಿಯಲ್ಲಿ ಸಾಗುವುದರಿಂದ ಎರಡು ಸೆಟ್ಟಿಂಗ್‌ಗಳನ್ನು ಹೋಲಿಸುವುದಕ್ಕೆ ಅನುಕೂಲ, ಆದರೆ ಅದರ ಸರಾಸರಿಯನ್ನು ನಂಬಿ ಆಟಕ್ಕಿಳಿಯುವಂತಿಲ್ಲ, ಏಕೆಂದರೆ ಅದು ತೋರಿಸುವುದು ಆಟ ನಡೆಯುವ ನಗರವಾದ ನೈಟ್ ಸಿಟಿಯ ಅತಿ ಭಾರದ ಜಾಗವನ್ನಲ್ಲ. ಜನಜಂಗುಳಿಯ ಕಬುಕಿ ಮಾರುಕಟ್ಟೆ ಮತ್ತು ವಿಸ್ತರಣೆಯಲ್ಲಿ ಬರುವ ಡಾಗ್‌ಟೌನ್, ಇವೆರಡು ನನ್ನ ಪರೀಕ್ಷಾ ಸ್ಥಳಗಳು. ಅಲ್ಲಿ ಸೇವ್ ಮಾಡಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಅದೇ ಬೀದಿಯಲ್ಲಿ ಅದೇ ದಿಕ್ಕಿಗೆ ನಡೆದು ನೋಡುತ್ತಿದ್ದೆ. ಇನ್ನೊಂದು ಮಾತು ನಮ್ಮ ಕಡೆಯವರಿಗೆ ಮುಖ್ಯ: ಬಳ್ಳಾರಿಯಂಥ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ಇರುವಾಗ ಕಾರ್ಡ್ ಬಿಸಿಯಾಗುತ್ತ ತನ್ನ ವೇಗವನ್ನು ತಾನೇ ಹಂತಹಂತವಾಗಿ ಇಳಿಸಿಕೊಳ್ಳುತ್ತದೆ. ರಾತ್ರಿಯ ತಂಪಿನಲ್ಲಿ, ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಅಳೆದ ಅಂಕಿಗಳು ಆಗ ಸಿಗುವುದಿಲ್ಲ. ಅದಕ್ಕಾಗಿ ಅರ್ಧ ಗಂಟೆ ಆಡಿ ಕಾರ್ಡ್ ಚೆನ್ನಾಗಿ ಕಾದ ಮೇಲೆಯೇ ಅಳೆಯುವುದನ್ನು ರೂಢಿಸಿಕೊಂಡೆ.

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ವೇಗಕ್ಕೆ ತಡೆ ಇರುವುದು ಕಾರ್ಡಿನಲ್ಲೋ ಪ್ರೊಸೆಸರಿನಲ್ಲೋ ಎಂದು ತಿಳಿಯಬೇಕು. ಇದಕ್ಕೆ ಸುಲಭದ ದಾರಿ, ಅಪ್‌ಸ್ಕೇಲಿಂಗನ್ನು (ಕಡಿಮೆ ರೆಸಲ್ಯೂಷನ್ನಿನಲ್ಲಿ ಚಿತ್ರಿಸಿ ಪರದೆಯ ಅಳತೆಗೆ ಹಿಗ್ಗಿಸುವ ತಂತ್ರ) ತಾತ್ಕಾಲಿಕವಾಗಿ ‘ಅಲ್ಟ್ರಾ ಪರ್ಫಾರ್ಮೆನ್ಸ್’ಗೆ ಇಳಿಸುವುದು. ಚಿತ್ರ ಹಾಳಾಗುತ್ತದೆ, ಇರಲಿ. ಫ್ರೇಮ್ ಸಮಯ ಗಣನೀಯವಾಗಿ ಇಳಿದರೆ ಕಾರ್ಡೇ ತಡೆ. ಇಳಿಯದೆ ಕಾರ್ಡಿನ ಬಳಕೆ ಮಾತ್ರ ಶೇಕಡಾ 70ಕ್ಕೋ 60ಕ್ಕೋ ಕುಸಿದರೆ ಪ್ರೊಸೆಸರ್ ತಡೆ. ನನ್ನ ಯಂತ್ರದಲ್ಲಿ ನಗರದ ಬಹುಭಾಗದಲ್ಲಿ ಕಾರ್ಡ್ ತಡೆಯಾಗಿತ್ತು, ಡಾಗ್‌ಟೌನಿನಲ್ಲಿ ಪ್ರೊಸೆಸರ್. ಅಲ್ಲಿ ನೆರಳು, ಮಂಜು, ಪ್ರತಿಬಿಂಬ ಏನನ್ನು ಇಳಿಸಿದರೂ ಪ್ರಯೋಜನವಿರಲಿಲ್ಲ. ಕೆಲಸಕ್ಕೆ ಬಂದದ್ದು ಬೀದಿಯಲ್ಲಿ ಎಷ್ಟು ಜನ ಇರಬೇಕೆಂದು ನಿರ್ಧರಿಸುವ ಕ್ರೌಡ್ ಡೆನ್ಸಿಟಿ ಒಂದೇ. ಅದನ್ನು ಹೈನಿಂದ ಮೀಡಿಯಂಗೆ ತಂದಾಗ ಗ್ರಾಫಿನ ಮುಳ್ಳುಗಳು ತಗ್ಗಿದವು. ಲೋಗೆ ಇಳಿಸಿದರೆ ಬೀದಿ ಬಂದ್ ದಿನದ ಪೇಟೆಯಂತೆ ಬಿಕೋ ಎನ್ನುತ್ತದೆ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಪ್ರೊಸೆಸರ್ ತಡೆಯಾಗಿರುವವರು ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಮೆನು) ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಇದೆಯೇ ಎಂದೂ ನೋಡಿಕೊಳ್ಳಬೇಕು. ಅದು ಆಫ್ ಇದ್ದರೆ 3200 ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ರ‍್ಯಾಮ್ ಸಾಮಾನ್ಯವಾಗಿ 2133 ಅಥವಾ 2400ರ ವೇಗದಲ್ಲಿ ಓಡುತ್ತಿರುತ್ತದೆ, ಮತ್ತು ಇದಕ್ಕೆ ಯಾವ ಗ್ರಾಫಿಕ್ಸ್ ಸೆಟ್ಟಿಂಗೂ ಪರಿಹಾರವಲ್ಲ.

ಕಾರ್ಡಿನ ಮೇಲೆ ಬೀಳುವ ಭಾರದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ಸ್. ಇದರಲ್ಲಿ ಅಲ್ಟ್ರಾದ ಮೇಲೂ ‘ಸೈಕೊ’ ಎಂಬ ಮೆಟ್ಟಿಲಿದೆ. ಹೆಸರಿಗೆ ತಕ್ಕಂತೆ ಅದು ಕಾರ್ಡಿನ ಸಮಯವನ್ನು ವಿವೇಚನೆಯಿಲ್ಲದೆ ನುಂಗುತ್ತದೆ. ಈ ತಂತ್ರಕ್ಕೆ ಪರದೆಯ ಮೇಲೆ ಆಗಲೇ ಇರುವುದನ್ನು ಮಾತ್ರ ಪ್ರತಿಬಿಂಬಿಸಲು ಬರುತ್ತದೆ. ಇದನ್ನು ಕಣ್ಣಾರೆ ನೋಡಬೇಕಿದ್ದರೆ, ಮಳೆ ನಿಂತ ರಾತ್ರಿ ಒದ್ದೆ ರಸ್ತೆಯಲ್ಲಿ ಎದುರಿನ ಕೆಂಪು ನಿಯಾನ್ ಫಲಕದ ಬಿಂಬ ನೀರಿನಲ್ಲಿ ಕಾಣುವಂತೆ ನಿಂತು, ನೋಟವನ್ನು ನಿಧಾನವಾಗಿ ಕೆಳಗಿಳಿಸಬೇಕು. ಫಲಕದ ಮೇಲ್ತುದಿ ಪರದೆಯಿಂದಾಚೆ ಸರಿಯುತ್ತಿದ್ದಂತೆ ನೀರಿನಲ್ಲಿದ್ದ ಕೆಂಪು ನಮ್ಮ ಕಾಲ ಕಡೆಯಿಂದ ಅಳಿಯತೊಡಗುತ್ತದೆ, ಫಲಕ ಪೂರ್ತಿ ಮರೆಯಾದಾಗ ರಸ್ತೆ ಬರಿದಾಗಿರುತ್ತದೆ. ಸೈಕೊಗೆ ಏರಿಸಿದರೂ ಈ ಕೊರತೆ ಹಾಗೇ ಉಳಿಯುತ್ತದೆ. ಏರಿಸಿದಾಗ ಕಡಿಮೆಯಾಗುವುದು ಬಿಂಬದ ಅಂಚಿನಲ್ಲಿ ಮಿನುಗುವ ಮರಳು ಮರಳಾದ ಕಾಳುಗಳು ಮಾತ್ರ. ಲೋನಲ್ಲಿ ಆ ಕಾಳುಗಳು ಕಣ್ಣಿಗೆ ಕಿರಿಕಿರಿ ಮಾಡುವಷ್ಟಿವೆ, ಹೈನಲ್ಲಿ ಹುಡುಕಿದರೆ ಸಿಗುವಷ್ಟಿವೆ. ಹೈಗೇ ನಿಲ್ಲಿಸಿದೆ. ಮೂಲಭೂತ ಕೊರತೆಯನ್ನು ನೀಗಿಸದ ಮೆಟ್ಟಿಲಿಗೆ ಮತ್ತಷ್ಟು ಮಿಲಿಸೆಕೆಂಡು ಕೊಡುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ತೀರ್ಮಾನ.

ಮಂಜು, ಹೊಗೆಗಳಿಗೆ ಸಂಬಂಧಿಸಿದ ವಾಲ್ಯುಮೆಟ್ರಿಕ್ ಫಾಗ್ ರೆಸಲ್ಯೂಷನ್ ಇದಕ್ಕಿಂತ ಸುಲಭದ ಪ್ರಶ್ನೆ. ಬಾರ್‌ಗಳ ಹೊಗೆಯಲ್ಲಿ ತೂರಿಬರುವ ಬೆಳಕಿನ ಕೋಲುಗಳು ಸ್ವಭಾವತಃ ಮಸುಕಾಗಿರುವುದರಿಂದ ಅಲ್ಟ್ರಾಕ್ಕೂ ಮೀಡಿಯಂಗೂ ಇರುವ ವ್ಯತ್ಯಾಸ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೂ ನನಗೆ ಕಾಣಲಿಲ್ಲ, ಆದರೆ ಉಳಿದ ಸಮಯ ಗ್ರಾಫಿನಲ್ಲಿ ಸ್ಪಷ್ಟವಾಗಿ ಕಂಡಿತು. ಮೋಡಗಳ ಗುಣಮಟ್ಟವೂ ಮೀಡಿಯಂಗೆ ಹೋಯಿತು. ಈ ನಗರದಲ್ಲಿ ತಲೆಯೆತ್ತಿ ಮೋಡ ನೋಡುವವರು ಕಡಿಮೆ. ನೆರಳಿನ ವಿಷಯದಲ್ಲಿ ಆರೇಳು ಸಾಲುಗಳ ಆಯ್ಕೆಗಳಿದ್ದು, ಸೂರ್ಯನ ನೆರಳಿಗೆ ಸಂಬಂಧಿಸಿದ ಕ್ಯಾಸ್ಕೇಡೆಡ್ ಶ್ಯಾಡೋಸ್ ರೆಸಲ್ಯೂಷನ್ ಮತ್ತು ದೀಪಗಳ ನೆರಳಿನ ಲೋಕಲ್ ಶ್ಯಾಡೋ ಕ್ವಾಲಿಟಿ ಇವೆರಡನ್ನು ಒಂದು ಮೆಟ್ಟಿಲು ಇಳಿಸಿ ಉಳಿದವನ್ನು ಹೈನಲ್ಲಿ ಬಿಟ್ಟೆ. ಮಿರರ್ ಕ್ವಾಲಿಟಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ, ಕನ್ನಡಿಯನ್ನು ನಾವಾಗಿ ಆನ್ ಮಾಡಿ ಅದರ ಮುಂದೆ ನಿಂತಾಗಲಷ್ಟೇ ಅದರ ಖರ್ಚು. ಫಿಲ್ಮ್ ಗ್ರೇನ್, ಕ್ರೊಮ್ಯಾಟಿಕ್ ಅಬರೇಷನ್, ಮೋಷನ್ ಬ್ಲರ್ ಇವು ಚಿತ್ರಕ್ಕೆ ಕ್ಯಾಮೆರಾದ ಛಾಯೆ ಕೊಡುವ ಪರಿಣಾಮಗಳು; ವೇಗದ ಪ್ರಶ್ನೆಗಳಲ್ಲ, ರುಚಿಯ ಪ್ರಶ್ನೆಗಳು. ನಾನು ಮೊದಲೆರಡನ್ನು ತೆಗೆದುಹಾಕಿದ್ದೇನೆ.

ವಸ್ತುಗಳ ಮೇಲ್ಮೈ ಎಷ್ಟು ಸೂಕ್ಷ್ಮವಾಗಿ ಕಾಣಬೇಕೆಂದು ನಿರ್ಧರಿಸುವ ಟೆಕ್ಸ್ಚರ್ ಕ್ವಾಲಿಟಿಯದು ಬೇರೆಯೇ ನಿಯಮ. ಅದನ್ನು ಆಟದ ನಡುವೆ ಬದಲಿಸಲಾಗದು, ಮುಖ್ಯ ಮೆನುವಿಗೆ ಹೋಗಬೇಕು. ಕಾರ್ಡಿನ ಮೆಮೊರಿಯಲ್ಲಿ ಜಾಗವಿರುವಷ್ಟು ಕಾಲ ಅದನ್ನು ಹೈನಲ್ಲಿಟ್ಟರೂ ಫ್ರೇಮ್ ಸಮಯ ಹೆಚ್ಚೇನೂ ಕದಲುವುದಿಲ್ಲ. ಜಾಗ ತುಂಬಿತೋ, ಕಾರ್ಡ್ ತನಗೆ ಬೇಕಾದುದನ್ನು ಮುಖ್ಯ ರ‍್ಯಾಮ್‌ನಿಂದ ಎಳೆದುಕೊಳ್ಳತೊಡಗಿ ಆಟ ಗಕ್ಕನೆ ತಡವರಿಸುತ್ತದೆ. ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದೂ ಕಾರು ತಿರುವಿನಲ್ಲಿ ಜರ್ಕ್ ಹೊಡೆಯುತ್ತಿದ್ದರೆ ಮೊದಲು ಅನುಮಾನಿಸಬೇಕಾದುದು ಇದನ್ನೇ. ನನ್ನ ಕಾರ್ಡಿನ 12 ಜಿಬಿಯಿಂದಾಗಿ ಹೈ ನಿರಾತಂಕವಾಗಿದೆ. 6 ಜಿಬಿ ಕಾರ್ಡಿನವರಿಗೆ ನಾನು ಮೀಡಿಯಂ ಎಂದೇ ಹೇಳುತ್ತೇನೆ.

ಇಷ್ಟೆಲ್ಲ ಮಾಡಿದರೂ 1440ರ ಪೂರ್ಣ ರೆಸಲ್ಯೂಷನ್ನಿನಲ್ಲಿ 16.7 ಮಿಲಿಸೆಕೆಂಡಿನೊಳಗೆ ಬರಲು ಈ ಕಾರ್ಡಿಗೆ ಸಾಧ್ಯವಾಗುವುದಿಲ್ಲ; ಅಲ್ಲಿಗೆ ಅಪ್‌ಸ್ಕೇಲಿಂಗ್ ಅನಿವಾರ್ಯ. ಆಟದಲ್ಲಿ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್, ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಮೂರೂ ಇವೆ. ಆರ್‌ಟಿಎಕ್ಸ್ ಕಾರ್ಡ್ ಇರುವವರು ಮೊದಲನೆಯದನ್ನು ಬಿಟ್ಟು ಬೇರೆಯದನ್ನು ಆರಿಸಲು ನನಗೆ ಕಾರಣ ಕಾಣಲಿಲ್ಲ. ಕ್ವಾಲಿಟಿ ಮೋಡ್‌ನಲ್ಲಿ ಕಾರ್ಡ್ ವಾಸ್ತವವಾಗಿ ಚಿತ್ರಿಸುವುದು 1707×960, ಅಂದರೆ 36.9 ಲಕ್ಷ ಪಿಕ್ಸೆಲ್‌ಗಳ ಬದಲು 16.4 ಲಕ್ಷ ಮಾತ್ರ. ಉಳಿದದ್ದನ್ನು ಹಿಂದಿನ ಫ್ರೇಮುಗಳ ಆಧಾರದ ಮೇಲೆ ಅದು ಕಟ್ಟಿಕೊಳ್ಳುತ್ತದೆ. ನಿಂತು ನೋಡಿದರೆ ವ್ಯತ್ಯಾಸ ತಿಳಿಯುವುದು ಕಷ್ಟ. ಹಾಗಾಗಿ ನಿಂತು ನೋಡಬಾರದು. ರಾತ್ರಿ ಕಾರನ್ನು ಹಿಂದಿನಿಂದ ನೋಡುತ್ತ ವೇಗವಾಗಿ ಓಡಿಸಿ ಹಿಂಬದಿಯ ಕೆಂಪು ದೀಪಗಳ ಸುತ್ತ ಗಮನಿಸಬೇಕು. ಅಲ್ಲಿ ದೀಪದ ಹಿಂದೆ ಉಳಿಯುವ ಮಸುಕು ಬಾಲ, ದೂರದ ತಂತಿಬೇಲಿಯ ನಡುಕ, ಇವೇ ಅಪ್‌ಸ್ಕೇಲಿಂಗಿನ ನಿಜವಾದ ಬೆಲೆ. 2025ರ ಜನವರಿಯಲ್ಲಿ ಬಂದ 2.21 ಅಪ್‌ಡೇಟ್‌ನಿಂದ ಡಿಎಲ್‌ಎಸ್‌ಎಸ್‌ಗೆ ಟ್ರಾನ್ಸ್‌ಫಾರ್ಮರ್ ಎಂಬ ಹೊಸ ಮಾದರಿಯ ಆಯ್ಕೆ ಸೇರಿದೆ. ಅದು ಹಳೆಯ ಆರ್‌ಟಿಎಕ್ಸ್ ಕಾರ್ಡುಗಳಲ್ಲೂ ನಡೆಯುತ್ತದೆ, ಕೊಂಚ ಹೆಚ್ಚು ಸಮಯ ಬೇಡುತ್ತದೆ, ಆದರೆ ಬಾಲವನ್ನು ಬಹಳಮಟ್ಟಿಗೆ ಕತ್ತರಿಸುತ್ತದೆ. ಹಳೆಯ ಮಾದರಿಯ ಕ್ವಾಲಿಟಿಗಿಂತ ಹೊಸ ಮಾದರಿಯ ಬ್ಯಾಲೆನ್ಸ್ಡ್ ನನ್ನ ಕಣ್ಣಿಗೆ ಹಿತವೆನಿಸಿತು, ಈಗ ಅದರಲ್ಲೇ ಆಡುತ್ತಿದ್ದೇನೆ.

ಬೆಳಕಿನ ಕಿರಣಗಳ ದಾರಿಯನ್ನೇ ಲೆಕ್ಕಹಾಕಿ ಚಿತ್ರಿಸುವ ರೇ ಟ್ರೇಸಿಂಗ್ ಬಗ್ಗೆ ನನ್ನ ನಿಲುವು ಎರಡು ಮನಸ್ಸಿನದು. ಮೇಲೆ ಹೇಳಿದ ಕೆಂಪು ಫಲಕದ ಸಮಸ್ಯೆಗೆ ನಿಜವಾದ ಪರಿಹಾರ ಅದೇ. ರೇ ಟ್ರೇಸ್ಡ್ ರಿಫ್ಲೆಕ್ಷನ್ಸ್ ಒಂದನ್ನೇ ಆನ್ ಮಾಡಿದರೂ ಒದ್ದೆ ರಸ್ತೆ ಬೇರೆಯೇ ರಸ್ತೆಯಾಗುತ್ತದೆ. ಲೈಟಿಂಗ್ ಅದಕ್ಕಿಂತ ಬಹಳ ಭಾರ, ಸೂರ್ಯನ ನೆರಳು ಹಗುರ. ಆದರೆ ಇದರ ಖರ್ಚು ಕಾರ್ಡಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಹಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳಕಿನ ಕಿರಣಗಳು ಎಲ್ಲಿ ತಾಗುತ್ತವೆಂದು ಹುಡುಕಲು ಇಡೀ ದೃಶ್ಯದ ರಚನೆಯನ್ನು ಸದಾ ಪರಿಷ್ಕರಿಸುತ್ತಿರಬೇಕಾಗುತ್ತದೆ, ಆ ಕೆಲಸದಲ್ಲಿ ಪ್ರೊಸೆಸರಿಗೂ ಪಾಲು ಬೀಳುತ್ತದೆ. ಡಾಗ್‌ಟೌನಿನಲ್ಲಿ ನನ್ನ 3600 ಮೊದಲೇ ಏದುಸಿರು ಬಿಡುತ್ತಿದ್ದುದರಿಂದ ಅಲ್ಲಿ ಅದು ಆಗದ ಮಾತು. ಹಾಗಾಗಿ ಬಿಂಬಗಳನ್ನು ಆನ್ ಮಾಡಿದ ಎರಡನೆಯ ಹೊಂದಿಕೆಯೊಂದನ್ನು 40 ಎಫ್‌ಪಿಎಸ್ ಗುರಿಯಿಟ್ಟು ಮಾಡಿಕೊಂಡೆ. 40 ಎಂದರೆ 25 ಮಿಲಿಸೆಕೆಂಡು. 30 ಮತ್ತು 60ರ ಫ್ರೇಮ್ ಸಮಯಗಳಿಗೆ ಅದು ಸರಿಯಾಗಿ ನಡುವೆ ಬರುತ್ತದೆ, ಕೈಗೂ ಹಾಗೆಯೇ ಅನ್ನಿಸುತ್ತದೆ. ಕಥೆಯ ಸಂಭಾಷಣೆಗಳಿಗೆ, ಸುಮ್ಮನೆ ಊರು ಸುತ್ತುವುದಕ್ಕೆ ಇದು ಸಾಕು, ಗುಂಡಿನ ಕಾಳಗಕ್ಕೆ ಸಾಲದು. 2023ರ ಏಪ್ರಿಲಿನಲ್ಲಿ ಬಂದ, ರೇ ಟ್ರೇಸಿಂಗಿನ ಇನ್ನೂ ಭಾರದ ರೂಪವಾದ ಪಾತ್ ಟ್ರೇಸಿಂಗ್ ಈ ಕಾರ್ಡಿನಲ್ಲಿ ಆಟ ನಿಲ್ಲಿಸಿ ಚಿತ್ರ ತೆಗೆಯುವ ಫೋಟೊ ಮೋಡ್‌ಗಷ್ಟೇ.

ಎರಡೂ ಹೊಂದಿಕೆಗಳಿಗೆ ರಿವಾಟ್ಯೂನರ್‌ನಲ್ಲಿ ಫ್ರೇಮ್ ಮಿತಿ ಹಾಕಿದ್ದೇನೆ, ಒಂದಕ್ಕೆ 60, ಇನ್ನೊಂದಕ್ಕೆ 40. ಖಾಲಿ ಓಣಿಯಲ್ಲಿ 85ಕ್ಕೆ ಜಿಗಿದು ಮಾರುಕಟ್ಟೆಗೆ ಕಾಲಿಟ್ಟೊಡನೆ 60ಕ್ಕೆ ಬೀಳುವುದಕ್ಕಿಂತ ಎಲ್ಲೆಡೆ 60 ಇರುವುದು ಕಣ್ಣಿಗೆ ಹೆಚ್ಚು ನಯ. ಮಿತಿಯಿಲ್ಲದೆ ಬಿಟ್ಟರೆ 170 ವ್ಯಾಟಿನವರೆಗೂ ಹೀರುವ ಕಾರ್ಡ್ ಮಿತಿ ಹಾಕಿದಾಗ ಹಗುರ ದೃಶ್ಯಗಳಲ್ಲಿ ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲುತ್ತದೆ, ಫ್ಯಾನಿನ ಗದ್ದಲ ತಗ್ಗುತ್ತದೆ, ಬೇಸಿಗೆಯ ಕೋಣೆಯೂ ಅಷ್ಟರಮಟ್ಟಿಗೆ ಸಹನೀಯವಾಗುತ್ತದೆ.

ಆಟ ತನ್ನ ಆಯ್ಕೆಗಳನ್ನೆಲ್ಲ ಬಳಕೆದಾರರ ಲೋಕಲ್ ಆ್ಯಪ್‌ಡೇಟಾ ಫೋಲ್ಡರಿನೊಳಗೆ ಯೂಸರ್‌ಸೆಟ್ಟಿಂಗ್ಸ್ ಎಂಬ ಜೇಸನ್ ಫೈಲಿನಲ್ಲಿ ಬರೆದಿಡುತ್ತದೆ. ಎರಡು ಹೊಂದಿಕೆಗಳ ಫೈಲುಗಳನ್ನೂ ಪ್ರತ್ಯೇಕ ಹೆಸರಿನಲ್ಲಿ ನಕಲು ಮಾಡಿಟ್ಟುಕೊಂಡಿದ್ದೇನೆ, ಬೇಕಾದಾಗ ಆಟ ಮುಚ್ಚಿರುವಾಗ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರಾಯಿತು. ದೊಡ್ಡ ಅಪ್‌ಡೇಟ್ ಬಂದಾಗ ಮಾತ್ರ ಹಳೆಯ ಫೈಲನ್ನು ಹಾಗೇ ತುರುಕುವುದಿಲ್ಲ. ಮೆನುವಿನಲ್ಲಿ ಹೊಸ ಸಾಲುಗಳು ಸೇರಿರುವ ಸಂಭವವಿರುವುದರಿಂದ ಆಯ್ಕೆಗಳನ್ನು ಕೈಯಾರೆ ಮತ್ತೆ ಹಾಕಿ, ಕಬುಕಿಯ ಅದೇ ಸೇವ್‌ನಿಂದ ಅದೇ ಬೀದಿಯಲ್ಲಿ ನಡೆದು ಗ್ರಾಫ್ ನೋಡಿಕೊಳ್ಳುತ್ತೇನೆ.