ಒಂದು ಬಾಟಲಿ ಕೆಸರಿನಲ್ಲಿ ಪರಿಸರ ವ್ಯವಸ್ಥೆ: ವಿನೊಗ್ರಾಡ್‌ಸ್ಕಿ ಕಾಲಮ್ ಕಟ್ಟುವ ಬಗೆ

ಆಹಾರ ಜಾಲವನ್ನು ಕಣ್ಣೆದುರು ತೋರಿಸಬೇಕೆಂದರೆ ನಾನು ಕಟ್ಟುವುದು ವಿನೊಗ್ರಾಡ್‌ಸ್ಕಿ ಕಾಲಮ್. ಇದು 1880ರ ದಶಕದಲ್ಲಿ ಗಂಧಕದ ಬ್ಯಾಕ್ಟೀರಿಯಾಗಳ ಬೆನ್ನುಹತ್ತಿದ್ದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿಯ ಹೆಸರಿನದು. ಬೇಕಾಗುವುದು ಕೆಸರು, ನೀರು, ಬೆಳಕು, ಜೊತೆಗೆ ಒಂದಿಷ್ಟು ಕಾಗದ, ಜಿಪ್ಸಂ, ಮೊಟ್ಟೆಚಿಪ್ಪು. ಒಂದು ಜೀವಿಯ ತ್ಯಾಜ್ಯ ಇನ್ನೊಂದರ ಆಹಾರವಾಗುವುದು ಎಂಟು ಹತ್ತು ವಾರಗಳಲ್ಲಿ ಬಣ್ಣದ ಪಟ್ಟಿಗಳಾಗಿ ಬಾಟಲಿಯ ಗೋಡೆಯ ಮೇಲೆ ಮೂಡುತ್ತದೆ.

ಕೆಸರಿನ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿದಂತೆ. ಕೆರೆ ಅಥವಾ ಕೊಳದ ಅಂಚಿನಲ್ಲಿ ಮೇಲಿನ ಕಂದು ಪದರವನ್ನು ಸರಿಸಿ, ಕೆಳಗಿನ ಕಪ್ಪು ಕೆಸರು ತೆಗೆಯಿರಿ. ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಬಂದರೆ ಸರಿಯಾದ ಜಾಗ. ಚರಂಡಿ ಅಥವಾ ಕಾರ್ಖಾನೆ ನೀರು ಸೇರುವ ಕಡೆ ಬೇಡ. ಕೈಗವಸು ಹಾಕಿಕೊಳ್ಳಿ. ನೀರನ್ನೂ ಅಲ್ಲಿಂದಲೇ ತನ್ನಿ. ಕಲ್ಲು, ಕಡ್ಡಿ, ಹುಳು, ಬಸವನಹುಳು ಎಲ್ಲವನ್ನೂ ಆರಿಸಿ ತೆಗೆಯಬೇಕು. ಹುಳುಗಳು ಕೆಸರನ್ನು ತೋಡಿ ಆಮ್ಲಜನಕ ಒಳಗೆ ಬಿಟ್ಟರೆ ಪದರಗಳು ನಿಲ್ಲುವುದಿಲ್ಲ.

ಒಂದೂವರೆ ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿದರೆ ಪಾತ್ರೆ ಸಿದ್ಧ. ಅಗಲಕ್ಕಿಂತ ಎತ್ತರ ಮುಖ್ಯ. ಸುಮಾರು 400 ಮಿಲಿಲೀಟರ್ ಕೆಸರಿಗೆ ಒಂದು ಟೇಬಲ್ ಚಮಚ ಜಿಪ್ಸಂ ಪುಡಿ, ಒಂದು ಟೇಬಲ್ ಚಮಚ ನುಣ್ಣಗೆ ಪುಡಿ ಮಾಡಿದ ಮೊಟ್ಟೆಚಿಪ್ಪು, 5 ಗ್ರಾಂನಷ್ಟು ಸಣ್ಣಗೆ ಹರಿದು ನೆನೆಸಿದ ಸುದ್ದಿಪತ್ರಿಕೆ ಸೇರಿಸಿ. ಜಿಪ್ಸಂ ಸಲ್ಫೇಟ್ ಕೊಡುತ್ತದೆ, ಚಿಪ್ಪು ಹುಳಿಯನ್ನು ತಡೆಯುತ್ತದೆ, ಕಾಗದದ ಸೆಲ್ಯುಲೋಸ್ ಇಡೀ ವ್ಯವಸ್ಥೆಗೆ ಇಂಧನ. ಚಿಪ್ಪಿನ ಬದಲು ಸೀಮೆಸುಣ್ಣ ಹಾಕುವವರು ಮೊದಲು ಅದರ ಮೇಲೆ ವಿನೆಗರ್ ಬಿಟ್ಟು ನೋಡಿ. ಬೋರ್ಡಿನ ಸೀಮೆಸುಣ್ಣ ಎಷ್ಟೋ ಸಲ ಜಿಪ್ಸಮ್ಮೇ ಆಗಿರುತ್ತದೆ, ಕಾರ್ಬೊನೇಟ್ ಆಗಿದ್ದರೆ ಮಾತ್ರ ನೊರೆ ಬರುತ್ತದೆ. ಜಿಪ್ಸಂ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ನಡೆಯುತ್ತದೆ, ಆದರೆ ನಿಧಾನ ಮಾಡಿದರೆ ಗಂಟುಗಟ್ಟುತ್ತದೆ.

ಮಿಶ್ರಣ ಚಮಚದಿಂದ ನಿಧಾನವಾಗಿ ಜಾರಿ ಬೀಳುವಷ್ಟು ತೆಳ್ಳಗಿರಲಿ. ಇದನ್ನು ತಳಕ್ಕೆ ಹಾಕಿ, ಮೇಲೆ ಏನೂ ಬೆರೆಸದ ಕೆಸರನ್ನು ಬಾಟಲಿಯ ಮುಕ್ಕಾಲು ಭಾಗದವರೆಗೆ ತುಂಬಿ. ಪ್ರತಿ ಸಲ ಹಾಕಿದಾಗಲೂ ಮಡಿಸಿದ ಬಟ್ಟೆಯ ಮೇಲೆ ಬಾಟಲಿಯನ್ನು ಕುಟ್ಟಿ, ಗೋಡೆಯ ಪಕ್ಕ ಕಡ್ಡಿ ಇಳಿಸಿ ಗಾಳಿಗುಳ್ಳೆ ಬಿಡಿಸಿ. ಮೇಲೆ 2–3 ಸೆಂಟಿಮೀಟರ್ ನೀರು, ಅದರ ಮೇಲೆ ಅಷ್ಟೇ ಖಾಲಿ ಜಾಗ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ರಬ್ಬರ್ ಬ್ಯಾಂಡ್ ಸಡಿಲವಾಗಿ ಹಾಕಿ. ಒಳಗೆ ಅನಿಲ ಹುಟ್ಟುತ್ತಲೇ ಇರುವುದರಿಂದ ಬಿಗಿ ಮುಚ್ಚಳ ಅಪಾಯ.

ಬೆಳಕಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ನೇರ ಬಿಸಿಲು ಬಿದ್ದರೆ ಬಾಟಲಿ ಕಾಯುತ್ತದೆ, ಪಾಚಿ ಬಾಟಲಿಯ ಗೋಡೆಯನ್ನೆಲ್ಲ ಮುಚ್ಚುತ್ತದೆ. ಬಿಳಿ ಎಲ್‌ಇಡಿ ದೀಪದಡಿ ಇಟ್ಟರೆ ಮೇಲೆ ಹಸಿರು ಚೆನ್ನಾಗಿ ಬರುತ್ತದೆ, ಕೆಂಪು ಮಾತ್ರ ಬಡಕಲು. ಆ ಕೆಂಪನ್ನು ಮೂಡಿಸುವ ನೇರಳೆ ಗಂಧಕ ಬ್ಯಾಕ್ಟೀರಿಯಾ ಹೆಚ್ಚಾಗಿ ಹೀರುವುದು ನಮ್ಮ ಕಣ್ಣಿಗೆ ಕಾಣದ 800–870 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು. ಅದು ಎಲ್‌ಇಡಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲು ಬೀಳದ ಕಿಟಕಿಯ ಬೆಳಕು ಸಾಕು, ಇಲ್ಲವೇ ಅರ್ಧ ಮೀಟರ್ ದೂರದಲ್ಲಿ ಹಳೇ ತಂತಿ ಬಲ್ಬು. ಬೆಳಕಿನ ಕಡೆಗೆ ಗುರುತು ಹಾಕಿ, ಬಾಟಲಿ ತಿರುಗಿಸಬೇಡಿ. ಬಣ್ಣ ಮೂಡುವುದು ಬಾಟಲಿಯ ಗೋಡೆಗೆ ತಾಗಿದ ಕೆಲವೇ ಮಿಲಿಮೀಟರ್ ಕೆಸರಿನಲ್ಲಿ.

ಈಗ ಒಳಗೆ ನಡೆಯುವುದು. ತಳದ ಆಮ್ಲಜನಕ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾಗಳು ಕಾಗದವನ್ನು ಒಡೆದು ಸಾವಯವ ಆಮ್ಲ, ಹೈಡ್ರೋಜನ್ ಬಿಡುತ್ತವೆ. ಡೀಸಲ್ಫೋವಿಬ್ರಿಯೋ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅವನ್ನು ತಿಂದು, ಆಮ್ಲಜನಕದ ಬದಲು ಸಲ್ಫೇಟ್‌ನಿಂದ ಉಸಿರಾಡಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಹಾಕುತ್ತದೆ. ಆ ಸಲ್ಫೈಡ್ ಕೆಸರಿನ ಕಬ್ಬಿಣದ ಜೊತೆ ಸೇರಿದಾಗ ತಳ ಇದ್ದಿಲಿನಂತೆ ಕಪ್ಪಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಇದು ಕಾಣಬೇಕು. ಮಿಕ್ಕ ಸಲ್ಫೈಡ್ ಮೇಲಕ್ಕೆ ಹರಡುತ್ತದೆ, ಮೇಲಿನಿಂದ ಆಮ್ಲಜನಕ ಇಳಿಯುತ್ತದೆ. ಯಾರು ಎಲ್ಲಿ ನೆಲೆ ನಿಲ್ಲಬೇಕೆಂಬುದು ಈ ಎರಡರ ನಡುವೆ ತೀರ್ಮಾನವಾಗುತ್ತದೆ. ಹೆಚ್ಚು ಸಲ್ಫೈಡ್ ತಾಳುವ ಹಸಿರು ಗಂಧಕ ಬ್ಯಾಕ್ಟೀರಿಯಾ ಕೆಳಗೆ, ಮಂಕು ಪಾಚಿಹಸಿರು ಬಣ್ಣದಲ್ಲಿ. ಅದರ ಮೇಲೆ ನೇರಳೆ ಗಂಧಕ ಬ್ಯಾಕ್ಟೀರಿಯಾ, ಮೊದಲು ಚುಕ್ಕಿ, ಆಮೇಲೆ ದ್ರಾಕ್ಷಾರಸದ ಬಣ್ಣದ ಪಟ್ಟಿ. ಎರಡೂ ನೀರಿನ ಬದಲು ಸಲ್ಫೈಡನ್ನೇ ಬಳಸಿ ದ್ಯುತಿಸಂಶ್ಲೇಷಣೆ ಮಾಡುವುದರಿಂದ ಆಮ್ಲಜನಕ ಬಿಡುವುದಿಲ್ಲ. ಆಮ್ಲಜನಕ ಮತ್ತು ಸಲ್ಫೈಡ್ ಸಂಧಿಸುವ ಗೆರೆಯಲ್ಲಿ ಬಿಳಿ ನೂಲಿನಂತೆ ಕಂಡರೆ ಅದು ಬೆಗ್ಗಿಯಾಟೋವಾ ಎಂಬ ಗಂಧಕ ಬ್ಯಾಕ್ಟೀರಿಯಾ ಇರಬಹುದು. ತೀರಾ ಮೇಲೆ ಪಾಚಿ, ಮತ್ತು ಅದರಂತೆಯೇ ಆಮ್ಲಜನಕ ಬಿಡುವ ಸಯನೋಬ್ಯಾಕ್ಟೀರಿಯಾ.

ಯಾವುದು ಯಾವುದನ್ನು ನೆಚ್ಚಿದೆ ಎಂದು ಖಚಿತವಾಗಬೇಕಾದರೆ ಒಂದೇ ಬಾಟಲಿ ಸಾಲದು. ಒಂದೇ ಬಕೆಟ್ ಕೆಸರಿನಿಂದ ನಾಲ್ಕು ಕಟ್ಟಿ: ಒಂದು ಪೂರ್ಣ, ಒಂದು ಕಾಗದವಿಲ್ಲದ್ದು, ಒಂದು ಜಿಪ್ಸಂ ಇಲ್ಲದ್ದು, ಇನ್ನೊಂದು ಅಲ್ಯೂಮಿನಿಯಂ ಹಾಳೆ ಸುತ್ತಿ ಕತ್ತಲಲ್ಲಿಟ್ಟದ್ದು. ಕತ್ತಲಿನದು ಕಪ್ಪಾಗುತ್ತದೆ, ಕೆಂಪು ಹಸಿರು ಬರುವುದಿಲ್ಲ. ಕಾಗದವಿಲ್ಲದ್ದು ಅಷ್ಟು ಬೇಗ ಕಪ್ಪಾಗುವುದಿಲ್ಲ. ಬಾಟಲಿಗೆ ಅಳತೆಪಟ್ಟಿ ಅಂಟಿಸಿ, ವಾರಕ್ಕೊಮ್ಮೆ ಒಂದೇ ದೂರದಿಂದ ಫೋಟೋ ತೆಗೆಯಿರಿ. ಸಮುದ್ರದಂಚಿನ ಕೆಸರು, ನೀರು ಬಳಸುವವರಿಗೆ ಜಿಪ್ಸಂ ಬೇಡ, ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇದ್ದೇ ಇದೆ. ಆದರೆ ಆ ಕೆಸರಿನಲ್ಲಿ ಜಿಪ್ಸಂ ಇಲ್ಲದ ಹೋಲಿಕೆ ಬಾಟಲಿಗೂ ಅರ್ಥವಿಲ್ಲ.

ಕೆಸರು ಸೀಳಿ ಮೇಲೆದ್ದರೆ ಕಾಗದ ಹೆಚ್ಚಾಗಿದೆ, ಅನಿಲ ತಳ್ಳುತ್ತಿದೆ. ತೆಳು ಕಡ್ಡಿ ಚುಚ್ಚಿ ಬಿಡಿಸಬಹುದು, ಆದರೆ ಆ ಭಾಗದ ಪದರ ಕೆಡುತ್ತದೆ. ಕೆಸರಿನ ನಡುವೆ ಒಂದೇ ಕಡೆ ತುಕ್ಕಿನ ಬಣ್ಣ ಕಂಡರೆ ಅಲ್ಲೊಂದು ಗಾಳಿಗುಳ್ಳೆ ಉಳಿದಿರಬಹುದೆಂದು ಹುಡುಕಿ. ನೀರು ಆರಿದರೆ ಕ್ಲೋರಿನ್ ಇಲ್ಲದ ನೀರನ್ನು ಗೋಡೆಗುಂಟ ಮೆಲ್ಲಗೆ ಬಿಡಿ. ಹಲವು ತಿಂಗಳ ಮೇಲೆ ತಳದಿಂದ ಗುಳ್ಳೆಗಳು ಮತ್ತೆ ಜೋರಾಗಿ, ಕೆಂಪು ಮಂಕಾದರೆ ಸಲ್ಫೇಟ್ ತೀರಿರುವ ಸಾಧ್ಯತೆ ಹೆಚ್ಚು. ಸಲ್ಫೇಟ್ ಇರುವವರೆಗೆ ಹೈಡ್ರೋಜನ್‌ಗಾಗಿ ನಡೆಯುವ ಪೈಪೋಟಿಯಲ್ಲಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಹಿಂದೆ ಬೀಳುತ್ತವೆ, ಅದು ಮುಗಿದ ಕೂಡಲೇ ಅವುಗಳ ಸರದಿ. ಕಾಲಮ್ ಬಿಚ್ಚುವಾಗ ಬಯಲಿನಲ್ಲೇ ಬಿಚ್ಚಿ, ಮೂಗು ಹತ್ತಿರ ಒಯ್ಯಬೇಡಿ. ಹೈಡ್ರೋಜನ್ ಸಲ್ಫೈಡ್ ವಿಷಕಾರಿ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ.